ಆರಾಮಿಲ್ಲದವರ ತಿಂಡಿ

ನೀವು ಎಂದಾದರೂ ಮನೆಯಲ್ಲೇ ಬ್ರೆಡ್ಡು ಮಾಡಿದ್ದೀರೋ ಇಲ್ಲವೋ ನನಗೆ ಗೊತ್ತಿಲ್ಲ. ಮಾಡುವ ಮನಸ್ಸಿದ್ದರೆ ಮೊದಲು ಮರಳು ತನ್ನಿ. ನಗಬೇಡಿ, ಕೊಟ್ಟೂರಿನ ನಮ್ಮ ಮನೆಗೆ ಓವನ್ ಎಂಬ ವಸ್ತು ಬರಲೇ ಇಲ್ಲ, ಬಂದದ್ದು ಹಗರಿ ಹಳ್ಳದ ಮರಳು. ಅದನ್ನು ತೊಳೆದು ಒಣಗಿಸಿ, ದಪ್ಪ ತಳದ ಪಾತ್ರೆಯಲ್ಲಿ ಹಾಸಿ, ಇದ್ದಿಲ ಒಲೆಯ ಮೇಲಿಟ್ಟು, ಬಗ್ಗಿ ನೋಡಿದರೆ ಮುಖಕ್ಕೆ ಬಿಸಿ ರಾಚುವಷ್ಟು ಕಾಯಿಸಬೇಕು. ಮೈದಾ, ಬೆಣ್ಣೆ, ಸಕ್ಕರೆ, ಹುಳಿ ಮೊಸರು, ಚಿಟಿಕೆ ಅಡಿಗೆ ಸೋಡಾ ಕಲಸಿ, ತುರಿದ ಸೇಬನ್ನೂ ಕುಟ್ಟಿದ ಚಕ್ಕೆಯ ಪುಡಿಯನ್ನೂ ಬೆರೆಸಿ, ತುಪ್ಪ ಸವರಿದ ಡಬ್ಬಿಗೆ ಸುರಿದು ಆ ಮರಳಿನ ಮೇಲಿಟ್ಟು, ಮುಚ್ಚಳದ ಮೇಲೂ ನಾಲ್ಕು ಕೆಂಡ ಹರಡಿದರೆ ಮುಗಿಯಿತು. ಹಿಟ್ಟು ಹುದುಗು ಬರಲೆಂದು ಕಾಯುವ ಉಸಾಬರಿಯಿಲ್ಲ. ಮೊಟ್ಟೆ ಬೇಕೆನ್ನುತ್ತಾರೆ ಕೆಲವರು. ನಮ್ಮ ಮನೆಯ ಹೊಸ್ತಿಲನ್ನು ಮೊಟ್ಟೆ ದಾಟುವುದಿಲ್ಲ, ಅದರ ಕೆಲಸವನ್ನು ಮೊಸರೇ ಮಾಡುತ್ತದೆ. ಬೆಂದು ಆರಿದ ಮೇಲೆ ಪುಡಿ ಸಕ್ಕರೆಯನ್ನು ಒಂದಿಷ್ಟು ಹಾಲಿನಲ್ಲಿ ಕಲಸಿ ಮೇಲೆ ಸುರಿದರೆ, ಅದು ಅಂಚಿನವರೆಗೂ ಹರಿದು, ಗಟ್ಟಿಯಾಗಿ, ಬೆಳ್ಳಗೆ ಹೊಳೆಯುತ್ತದೆ. ಇಷ್ಟೇ. ಇಂಥ ನಿರುಪದ್ರವಿ ತಿಂಡಿಯಿಂದ ಒಬ್ಬಳ ಬಾಳು ಹಾಳಾಯಿತು ಎಂದರೆ ನೀವು ನಂಬುವುದು ಕಷ್ಟ.

ಇದನ್ನು ನನಗೆ ಕಲಿಸಿದವರು ಹೊಸಪೇಟೆಯ ಡ್ಯಾಮಿನ ಕ್ವಾರ್ಟರ್ಸಿನಲ್ಲಿ ನನ್ನ ಸೋದರಮಾವನ ಪಕ್ಕದ ಮನೆಯಲ್ಲಿದ್ದ, ಮಂಗಳೂರು ಕಡೆಯ ಟೀಚರಮ್ಮ. ಎಪ್ಪತ್ತರ ದಶಕದ ನಡುವಿನಲ್ಲಿ ನಾನು ಪಿಯುಸಿ ಓದಲೆಂದು ಮಾವನ ಮನೆಯಲ್ಲಿದ್ದೆ. ಓದು ಅಷ್ಟಕ್ಕೇ ನಿಂತಿತು, ಬ್ರೆಡ್ಡು ಜೊತೆಗೆ ಬಂತು. ಅಪ್ಪ ಶೇಂಗಾ ಮಂಡಿಯಲ್ಲಿ ಗುಮಾಸ್ತ. ಕೆಲಸದ ಮೇಲೆ ಹೊಸಪೇಟೆಗೆ ಹೋದಾಗಲೆಲ್ಲ ನೇರಳೆ ಕಾಗದ ಸುತ್ತಿದ ಸೇಬು ತರುತ್ತಿದ್ದ. ಭಾನುವಾರ ಒಲೆಯ ಮುಂದೆ ಮಣೆ ಹಾಕಿಕೊಂಡು ಕೂತು, ಬಿಸಿ ಹೋಳು ಬಾಯಿಗಿಟ್ಟು ಕಣ್ಣು ಮುಚ್ಚಿ, “ನನ್ನ ಮಗಳ ಕೈಯಾಗ ಏನೋ ಐತಿ ಬಿಡು” ಎನ್ನುತ್ತಿದ್ದ. ಆ ಮಾತನ್ನು ಕೇಳಲೆಂದೇ ನಾನು ಇಡೀ ವಾರ ಕಾಯುತ್ತಿದ್ದೆ.

ಆದರೆ ನಮ್ಮ ಸೀಮೆಯಲ್ಲಿ ತಿಂಡಿಗಳಿಗೆ ಬಾಯಿದೆ ಎಂಬುದನ್ನು ನೀವು ತಿಳಿದಿರಬೇಕು. ಹೂರಣ ಕುದಿಯುವ ವಾಸನೆ ಬಂದರೆ ಹಬ್ಬವೋ ಬೀಗರೋ ಎಂದು ಓಣಿಗೆಲ್ಲ ಗೊತ್ತಾಗುತ್ತದೆ. ಮಿರ್ಚಿ ಕರಿದರೆ ನೆಂಟರು. ಮಂಡಕ್ಕಿಗೆ ಮಾತ್ರ ಯಾವ ಕಾರಣವೂ ಬೇಡ. ಬ್ರೆಡ್ಡಿಗೆ ಆಗ ಇದ್ದದ್ದು ಒಂದೇ ಅರ್ಥ. ಜ್ವರದವರಿಗೆ ಹಾಲಿನಲ್ಲಿ ಅದ್ದಿ ಕೊಡುವುದು ಬ್ರೆಡ್ಡು. ಆಸ್ಪತ್ರೆಯಲ್ಲಿ ಮಲಗಿದವರನ್ನು ನೋಡಲು ಹೋಗುವಾಗ ಕೈಚೀಲದಲ್ಲಿ ಒಯ್ಯುವುದು ಬ್ರೆಡ್ಡು ಮತ್ತು ಸೇಬು. ಸೇಬು ಹಿಡಿದು ಬಸ್ಸು ಹತ್ತಿದರೆ ಪಕ್ಕದಲ್ಲಿ ಕೂತವರು ಗುರುತು ಪರಿಚಯವಿಲ್ಲದಿದ್ದರೂ “ಯಾವ ಆಸ್ಪತ್ರ್ಯಾಗ ಅದಾರ್ರಿ?” ಎಂದು ಲೊಚಗುಟ್ಟುತ್ತಿದ್ದ ಕಾಲ ಅದು. ಇನ್ನು ಚಕ್ಕೆ, ಮಸಾಲೆ ಅಡಿಗೆಯ ರೂಢಿಯಿಲ್ಲದ ನಮ್ಮಂಥ ಮನೆಗಳಿಂದ ಅದರ ವಾಸನೆ ಬಂತೆಂದರೆ ಒಳಗೆ ಕಷಾಯ ಕುದಿಯುತ್ತಿದೆ ಎಂದೇ ಲೆಕ್ಕ. ಈ ಮೂರನ್ನೂ ಒಂದೇ ತಟ್ಟೆಯಲ್ಲಿಟ್ಟು ಹೆಣ್ಣು ನೋಡಲು ಬಂದವರ ಮುಂದೆ ಹಿಡಿದರೆ ಏನಾದೀತು ಎಂದು ಯೋಚಿಸುವ ಬುದ್ಧಿ ಅಪ್ಪನಿಗಿರಲಿಲ್ಲ. ಪಾಪ, ಅವನಿಗಿದ್ದದ್ದು ಬರೀ ಹೆಮ್ಮೆ.

ನನ್ನನ್ನು ನೋಡಲು ಹರಪನಹಳ್ಳಿಯಿಂದ ಬರುತ್ತಾರೆಂದು ಗೊತ್ತಾದಾಗ ಅವ್ವ ಉಪ್ಪಿಟ್ಟು, ಶಿರಾ, ಮಿರ್ಚಿ ಎಂದು ಲೋಕರೂಢಿಯ ಮಾತಾಡಿದಳು. ಅಪ್ಪ ಕೇಳಬೇಕಲ್ಲ! “ಲೇ, ಉಪ್ಪಿಟ್ಟು ಯಾರ ಮನ್ಯಾಗ ಇಲ್ಲ? ಸರೋಜನ ಬ್ರೆಡ್ಡು ಇಡು. ಹರಪನಹಳ್ಯಾಗ ಇಂಥಾದ್ದು ಕಂಡಿರಾಕಿಲ್ಲ ಅವ್ರು” ಎಂದ. ಅವ್ವ, “ಶುಭಕಾರ್ಯಕ್ಕ ಬ್ರೆಡ್ಡೇನ್ರೀ?” ಎಂದಳು, ಸಿಡುಕಿದಳು, ಕೊನೆಗೆ ಸೋತಳು. ಹಿಂದಿನ ದಿನವೇ ನಾನು ಜೀವಮಾನದ ಅತ್ಯಂತ ಚೆಂದದ ಬ್ರೆಡ್ಡು ಬೇಯಿಸಿದೆ. ಒಂದು ಬಿರುಕಿಲ್ಲ, ಒಂದು ಕಡೆ ಸೀದಿಲ್ಲ.

ಬಂದವರ ಪೈಕಿ ಹುಡುಗನ ಸೋದರತ್ತೆಯೇ ಯಜಮಾನಿ. ಆಕೆ ಹೊಸ್ತಿಲು ದಾಟುವಾಗಲೇ, ಮನೆಯಲ್ಲಿನ್ನೂ ಉಳಿದಿದ್ದ ಚಕ್ಕೆಯ ವಾಸನೆಗೆ ಮೂಗರಳಿಸಿದಳು. ನಾನು ತಟ್ಟೆ ಇಟ್ಟೊಡನೆ ಹೋಳನ್ನು ಬೆರಳಲ್ಲಿ ಒತ್ತಿ ನೋಡಿ, ದನಿ ತಗ್ಗಿಸಿ, “ಮನ್ಯಾಗ ಯಾರಿಗೆ ಆರಾಮಿಲ್ಲ?” ಎಂದು ಕೇಳಿದಳು. ಅಪ್ಪ ಗಹಗಹಿಸಿ ನಕ್ಕ. “ಯಾರಿಗೂ ಏನೂ ಇಲ್ರಿ, ಎಲ್ಲಾರೂ ಕಲ್ಲುಗುಂಡು ಇದ್ದಂಗ ಅದೀವಿ” ಎಂದ. ಅಲ್ಲಿಗೆ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆವೋ ಏನೋ. ಆಕೆ ಮತ್ತೆ “ಸೇಬು ಬ್ಯಾರೆ ಹಾಕ್ಯಾರ” ಎಂದು ಪಕ್ಕದವರಿಗೆ ಹೇಳಿದಾಗ ಅಪ್ಪ ಎದ್ದು ನಿಂತು ಅಜ್ಜ ಮುತ್ತಜ್ಜರ ಆಯುಷ್ಯವನ್ನೆಲ್ಲ ವಿವರಿಸತೊಡಗಿದ. ಯಾರೂ ಕೇಳದೆ ಇಷ್ಟೊಂದು ಆರೋಗ್ಯವನ್ನು ಹೇಳಿಕೊಂಡರೆ ಎಂಥವರಿಗೂ ಸಂಶಯ ಬರುತ್ತದೆ. ಹೋಗುವಾಗ ಆ ಮಹಾತಾಯಿ ಎರಡು ಹೋಳು ಕರವಸ್ತ್ರದಲ್ಲಿ ಕಟ್ಟಿಕೊಂಡು, “ನಮ್ಮ ಮೊಮ್ಮಗ ಜ್ವರ ಬಂದು ಮಲಗ್ಯಾನ, ಅವಗ ಆಕ್ಕೈತಿ” ಎಂದಳು. ಹುಡುಗ ಮಾತ್ರ ತಟ್ಟೆ ಖಾಲಿ ಮಾಡಿದ್ದ. ಅದು ಲೆಕ್ಕಕ್ಕೆ ಬರಲಿಲ್ಲ.

ಉತ್ತರ ಬಂತು: ಹುಡುಗಿ ಚೊಲೋ ಅದಾಳ, ಆದ್ರ ಆ ಮನ್ಯಾಗ ಏನೋ ಜಡ್ಡು ಐತಿ, ಮುಚ್ಚಿ ಇಟ್ಟಾರ. ಏನು ಜಡ್ಡು ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ಡಾಕ್ಟರನ್ನಾದರೂ ಕರೆಸಬಹುದಿತ್ತು. ಹೆಸರಿಲ್ಲದ ಜಡ್ಡು ಹರಪನಹಳ್ಳಿಯಿಂದ ಕೂಡ್ಲಿಗಿಗೆ, ಕೂಡ್ಲಿಗಿಯಿಂದ ಹಗರಿಬೊಮ್ಮನಹಳ್ಳಿಗೆ ಬಸ್ಸಿನಷ್ಟೇ ಸಲೀಸಾಗಿ ಓಡಾಡಿತು. ಆಮೇಲೆ ಬಂದವರಿಗೆಲ್ಲ ಅವ್ವ ಮಿರ್ಚಿಯನ್ನೇ ಕರಿದಳು. ಅವರು ಮಿರ್ಚಿ ತಿನ್ನುತ್ತಾ ನನ್ನ ಕಣ್ಣಿನ ಬಿಳುಪು ನೋಡಿದರು. ಸ್ನೇಹಿತರೇ, ರೋಗವಿದೆಯೆಂದು ತೋರಿಸಲು ಒಂದು ಕೆಮ್ಮು ಸಾಕು, ಇಲ್ಲವೆಂದು ಹೇಗೆ ತೋರಿಸುತ್ತೀರಿ? ಸಣ್ಣಗಾದರೆ ಸೊರಗಿದಳು, ದಪ್ಪಗಾದರೆ ಬಾತುಕೊಂಡಳು. ಒಗ್ಗರಣೆಯ ಘಾಟು ನೆತ್ತಿಗೇರಿದರೂ ಕೆಮ್ಮದೆ ಉಸಿರು ಬಿಗಿಹಿಡಿದು ನಿಲ್ಲುವುದನ್ನು ಕಲಿತೆ. ಅವ್ವ ಒಂದು ದಿನ ಬ್ರೆಡ್ಡಿನ ಡಬ್ಬಿಯನ್ನು ಹಿತ್ತಲಿಗೆ ಎಸೆದು, “ಬೆಂಕಿ ಹಚ್ಚು ನಿನ್ನ ಬ್ರೆಡ್ಡಿಗೆ!” ಎಂದು ಅತ್ತಳು. ಅಪ್ಪ ಅದನ್ನು ಎತ್ತಿಕೊಂಡು ಬಂದು ಸುಮ್ಮನೆ ಅಟ್ಟದ ಮೇಲಿಟ್ಟ.

ಇಷ್ಟೇ ಆಗಿದ್ದರೆ ನಾನು ಊರನ್ನು ಬೈದು ಹಗುರಾಗುತ್ತಿದ್ದೆ. ಊರಿನ ಬಾಯಿಗೆ ಬೀಗವಿಲ್ಲ ಎಂದು ಎಲ್ಲರೂ ಸಮಾಧಾನ ಮಾಡಿಕೊಳ್ಳುವುದಿಲ್ಲವೇ, ಹಾಗೆ. ಆದರೆ ನನ್ನ ಹಿಂದೆ ತಂಗಿ ಶಕುಂತಲಾ ಇದ್ದಳು, ಅವಳಿಗೂ ವಯಸ್ಸಾಗುತ್ತಿತ್ತು, ಜಡ್ಡು ಮನೆಯದೆಂದ ಮೇಲೆ ಅದರಲ್ಲಿ ಅವಳಿಗೂ ಪಾಲಿತ್ತು. ಹಡಗಲಿಯಲ್ಲಿ ಮಲ್ಲಿಗೆ ತೋಟ ಇಟ್ಟುಕೊಂಡಿದ್ದ ಒಳ್ಳೆಯ ಮನೆತನದವರು ಅವಳನ್ನು ನೋಡಲು ಬಂದರು. ಹುಡುಗನ ತಾಯಿ ಸಮಾಧಾನದ ಹೆಂಗಸು. “ತಪ್ಪು ತಿಳಕೋಬ್ಯಾಡ್ರಿ, ಏನೋ ಕೇಳೀವಿ” ಎಂದು ಸಂಕೋಚದಿಂದಲೇ ಎತ್ತಿದಳು. ನಾವಿಬ್ಬರೂ ಅಡಿಗೆಮನೆಯ ಬಾಗಿಲ ಹಿಂದೆ ನಿಂತಿದ್ದೆವು. ನಡುಮನೆಯಿಂದ ಅಪ್ಪನ ದನಿ ಕೇಳಿಸಿತು. “ಮುಚ್ಚೂದೇನೈತ್ರಿ. ದೊಡ್ಡಾಕಿಗೆ ಆರಾಮಿಲ್ಲ. ಸಣ್ಣಾಕಿ ಗಟ್ಟಿ ಅದಾಳ.”

ಎಷ್ಟು ಸುಲಭವಾಗಿ ಹೇಳಿದ! ಮನೆಗೆಲ್ಲ ಹರಡಿದ್ದ ಕೊಳೆಯನ್ನು ಗುಡಿಸಿ ಒಂದು ಮೂಲೆಗೆ ತಳ್ಳಿದರೆ ಉಳಿದ ನೆಲ ಚೊಕ್ಕವಾಗುತ್ತದೆ; ಆ ಮೂಲೆ ನಾನಾದೆ. ಲೆಕ್ಕ ಬರೆಯುವವನ ಬುದ್ಧಿ, ಒಬ್ಬಳು ಹೇಗೂ ಹೋದಳು, ಇನ್ನೊಬ್ಬಳಾದರೂ ಉಳಿಯಲಿ ಎಂದುಕೊಂಡಿರಬೇಕು. ನನಗೆ ಅರ್ಥವಾಗುತ್ತದೆ. ಅರ್ಥವಾದ ಮಾತ್ರಕ್ಕೆ ಸಿಟ್ಟು ಹೋಗುವುದಿಲ್ಲ, ಇವತ್ತಿಗೂ ಹೋಗಿಲ್ಲ. ಶಕುಂತಲಾ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ, “ಅಕ್ಕಾ, ನಾ ಏನ್ ಮಾಡ್ಲಿ?” ಎಂದಳು. “ಮದುವಿ ಮಾಡ್ಕೋ” ಎಂದೆ.

ನಿಶ್ಚಯವಾಯಿತು. ಮುಂದಿನ ಸಲ ಬರುವಾಗ ಆ ತಾಯಿ ಹೂವಿನ ಬುಟ್ಟಿಯ ಜೊತೆಗೆ ಬೇಕರಿಯ ಒಂದು ಬ್ರೆಡ್ಡನ್ನೂ ಸೇಬನ್ನೂ ತಂದು ನನ್ನ ಕೈಗಿಟ್ಟಳು. ಆಕೆಯ ಕಣ್ಣಲ್ಲಿ ನಿಜವಾದ ಕನಿಕರವಿತ್ತು. “ನನಗ ಏನೂ ಆಗಿಲ್ರಿ ಅತ್ತೀ” ಎಂದೆ. “ಹಂಗ ಇರಬೇಕವ್ವ, ಧೈರ್ಯದಾಗ ಅರ್ಧ ಜಡ್ಡು ಹೋಕ್ಕೈತಿ” ಎಂದು ಆಕೆ ತಲೆ ಸವರಿದಳು. ಮದುವೆಯ ದಿನ ಬಾವಿಯಿಂದ ನೀರು ಸೇದಿ ತರುತ್ತಿದ್ದ ನನ್ನ ಸೊಂಟದ ಕೊಡವನ್ನು ಯಾರೋ ಕಸಿದುಕೊಂಡು ಕುರ್ಚಿಯಲ್ಲಿ ಕೂರಿಸಿದರು. ಅಲ್ಲಿಂದ ಮುಂದೆ ನನ್ನನ್ನು ನೋಡಲು ಯಾರೂ ಬರಲಿಲ್ಲ. ಹೊಲಿಗೆ ಯಂತ್ರ ಇಟ್ಟುಕೊಂಡು ಓಣಿಯವರ ಕುಪ್ಪಸ ಹೊಲಿದೆ. ಅವರೂ ಬಟ್ಟೆಯನ್ನು ಒಗೆಯದೆ ತೊಡುತ್ತಿರಲಿಲ್ಲ ಎಂದು ನನಗೆ ಗೊತ್ತಿತ್ತು.

ಅವ್ವ ಹೋದಳು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಪ್ಪನಿಗೆ ಲಕ್ವ ಹೊಡೆಯಿತು. ಎಬ್ಬಿಸಿ ಕೂರಿಸಿ, ಮೈ ಒರೆಸಿ, ಹೊರಳಿಸಿ ಮಲಗಿಸಿದವಳು ಆರಾಮಿಲ್ಲದ ಈ ಮಗಳೇ. ರೊಟ್ಟಿ ಅಗಿಯಲು ಆಗುತ್ತಿರಲಿಲ್ಲ. ಅಟ್ಟದಿಂದ ಡಬ್ಬಿ ಇಳಿಸಿದೆ. ಕೊನೆಗೂ ನಮ್ಮ ಮನೆಯಲ್ಲಿ ಬ್ರೆಡ್ಡಿಗೆ ಊರು ಒಪ್ಪುವ ಕಾರಣ ಸಿಕ್ಕಿತ್ತು. ಹಾಲಿನಲ್ಲಿ ಅದ್ದಿ ತಿನ್ನಿಸುವಾಗ ಅಪ್ಪ ಮೊದಲಿನಂತೆಯೇ ಕಣ್ಣು ಮುಚ್ಚುತ್ತಿದ್ದ, ಆದರೆ ಮಗಳ ಕೈಯ ಮಾತನ್ನು ಎತ್ತುತ್ತಿರಲಿಲ್ಲ. ನಾನೂ ಕೇಳಲಿಲ್ಲ.

ಒಂದು ಮಧ್ಯಾಹ್ನ ಹಡಗಲಿಯಿಂದ ಶಕುಂತಲಾಳ ಅತ್ತೆ ಅವನನ್ನು ನೋಡಲು ಬಂದಳು. ಅಪ್ಪ ನೆಟ್ಟಗಿದ್ದ ಒಂದೇ ಕೈಯಿಂದ ಅವಳ ಕೈ ಹಿಡಿದುಕೊಂಡ. ನಾಲಿಗೆ ತೊದಲಿದರೂ ಮಾತು ಸ್ಪಷ್ಟವಾಗಿಯೇ ಇತ್ತು. “ಸರೋಜಗ ಏನೂ ಇರ್ಲಿಲ್ರಿ. ಎಂದೂ ಇರ್ಲಿಲ್ಲ. ನಾನ ಸುಳ್ಳು ಹೇಳಿದೆ.” ಹೇಳಿ, ಅತ್ತ. ನಾನು ಬಾಗಿಲಲ್ಲೇ ನಿಂತು ಕೇಳಿದೆ. ಇಷ್ಟು ವರ್ಷ ನಾನು ಕಾದಿದ್ದು ಆ ಒಂದು ಮಾತಿಗೆ. ಆಕೆ ಅವನ ಕೈ ತಟ್ಟುತ್ತಾ, “ಆತ್ರಿ, ಆತ್ರಿ ಬೀಗರ, ಸುಮ್ನ ಮಲಕ್ಕೊಳ್ರಿ” ಎಂದು ಹೊದಿಕೆ ಎಳೆದಳು.

ಬೀಳ್ಕೊಡಲು ನಾನು ಕಟ್ಟೆಯವರೆಗೂ ಹೋದೆ. ಆಕೆ ಚಪ್ಪಲಿ ಮೆಟ್ಟಿಕೊಂಡು, ನನ್ನ ಹೆಗಲ ಮೇಲೆ ಕೈಯಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡಳು. “ಅಪ್ಪಗ ಅರಳು ಮರಳು ಆಗೇತವ್ವ, ಮನಸಿಗೆ ಹಚ್ಚಿಕೋಬ್ಯಾಡ” ಎಂದಳು. “ನಿನ್ನ ಚಿಂತ್ಯಾಗ ಹಂಗ ಅಂತಾನ. ನೀನು ಮಾತ್ರ ಔಷಧಿ ಬಿಡಬ್ಯಾಡ.”