ಹಿಂದೆ ನಿಂತವರ ಮುಖ

ಬೇಸಿಗೆಯ ಮಟಮಟ ಮಧ್ಯಾಹ್ನದಲ್ಲೂ ಅವರ ಅಂಗೈ ತಣ್ಣಗಿರುತ್ತಿತ್ತು. ಕ್ಯಾಮೆರಾ ಹಿಡಿದ ನನ್ನ ಮೊಣಕೈ ಸರಿಪಡಿಸಲು ಮುಟ್ಟಿದರೆ ಬೆಚ್ಚಿಬೀಳುತ್ತಿದ್ದೆ. ಶಿರಾ ಗೇಟ್ ಹತ್ತಿರ ಅವರದೊಂದು ಫೋಟೋ ಸ್ಟುಡಿಯೋ. ಮದುವೆ ಫೋಟೋಗ್ರಫಿಗೆ ಇಳಿದ ಹೊಸತರಲ್ಲಿ ಪ್ರಿಂಟ್ ಹಾಕಿಸಲು ಅಲ್ಲಿಗೆ ಹೋದವಳು, ಅವರಿಂದ ಬೈಸಿಕೊಳ್ಳುವ ಚಟ ಹತ್ತಿಸಿಕೊಂಡೆ.

ಅವರು ಫೋಟೋ ನೋಡುವ ಕ್ರಮವೇ ಬೇರೆ. ವಧೂವರರನ್ನು ಅಂಗೈಯಿಂದ ಮುಚ್ಚಿ, ಮಿಕ್ಕವರನ್ನು ಒಬ್ಬೊಬ್ಬರಾಗಿ ನೋಡುತ್ತಿದ್ದರು. ಗುಬ್ಬಿಯ ಮದುವೆಯೊಂದರ ಚಿತ್ರದ ಬಗ್ಗೆ ನನಗೆ ಬಹಳ ಹೆಮ್ಮೆಯಿತ್ತು. ಧಾರೆಯ ಹೊತ್ತಿನ ಹುಡುಗಿಯ ಮುಖವಷ್ಟೇ ಸ್ಪಷ್ಟ, ಹಿಂದಿನದೆಲ್ಲ ಬೇಕೆಂದೇ ಮಸುಕು.

"ಹಿಂದೆ ನಿಂತಿರೋದು ಯಾರು?"

"ಹುಡುಗಿ ಅಜ್ಜಿ, ಸಾರ್."

"ಮುಖ ಎಲ್ಲೋಯ್ತು?"

"ಬ್ಲರ್ ಮಾಡಿದೀನಿ. ಆರ್ಟಿಸ್ಟಿಕ್ ಆಗಿರ್ಲಿ ಅಂತ."

"ಹುಡುಗಿ ಚೆನ್ನಾಗ್ ಬಂದವ್ಳೆ, ಬೆಳಕೂ ಚೆನ್ನಾಗೈತೆ. ಆದ್ರೆ ಅಜ್ಜಿನ ಕೇಳ್ಕೊಂಡ್ ಬತ್ತಾರೆ ಕಣಮ್ಮ. ಆಗ ಏನ್ ಕೊಡ್ತೀಯಾ?"

ಗೋಡೆ ತೋರಿಸಿದರು. ಅಲ್ಲಿದ್ದವರೆಲ್ಲ ತೀರಿಕೊಂಡವರು. ನಮ್ಮ ಕಡೆ ಎಷ್ಟೋ ಹಿರಿಯರಿಗೆ ಒಂಟಿ ಫೋಟೋ ಇರುವುದಿಲ್ಲ. ಸತ್ತ ಮೇಲೆ ಮನೆಯವರು ಯಾವುದೋ ಮದುವೆಯ ಆಲ್ಬಂ ತಂದು ಬೆರಳಿಟ್ಟು ತೋರಿಸುತ್ತಾರೆ. ಇವರು ಆ ಮುಖವನ್ನಷ್ಟೇ ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಟ್ಟು, ಒಂದು ಪ್ರತಿ ತಾವೂ ಇಟ್ಟುಕೊಳ್ಳುತ್ತಿದ್ದರು. ಹಾಗಾಗಿ ಆ ಗೋಡೆಯ ಸತ್ತವರೆಲ್ಲ ಮದುವೆಗೆ ಬಂದ ಸಡಗರದಲ್ಲೇ ನಗುತ್ತಿದ್ದರು. ಒಬ್ಬರ ಭುಜದ ಮೇಲೆ ಬಳೆ ತೊಟ್ಟ ಯಾರದೋ ಕೈ ಉಳಿದುಬಿಟ್ಟಿತ್ತು. ಇವರಿಗೆ ಕಲೆಯೆಂದರೆ ಅಷ್ಟಕ್ಕಷ್ಟೇ ಎಂದು ಗೊಣಗುತ್ತಾ ಮನೆಗೆ ಬಂದೆ.

ತಿಂಗಳು ತುಂಬುವ ಮೊದಲೇ ಗುಬ್ಬಿಯವರು ಫೋನ್ ಮಾಡಿದರು. ಅವರಿಗೆ ಅಜ್ಜಿಯ ಫೋಟೋ ಬೇಕಿತ್ತು. ನನ್ನ ಬಳಿ ಇದ್ದದ್ದು ಆ ಮಸುಕು ಮುಖವಷ್ಟೇ.

ಆಮೇಲೆ ಹಿಂದೆ ನಿಂತವರನ್ನೂ ಫೋಕಸ್ಸಿನಲ್ಲಿಡುವುದು ಕಲಿತೆ. ಕುಣಿಗಲ್ಲಿನ ಮದುವೆಯೊಂದಕ್ಕೆ ಸ್ಟುಡಿಯೋ ಸಾರ್ ಕೂಡ ನನ್ನ ಜೊತೆ ಬಂದಿದ್ದರು. ಅಲ್ಲಿ ತೆಗೆದ ಚಿತ್ರ ತೋರಿಸಿದಾಗ ಬಹಳ ಹೊತ್ತು ನೋಡಿ, "ಎಲ್ಲಾರೂ ಅವ್ರೆ ಬುಡು" ಎಂದರು. ಅವರ ಬಾಯಿಂದ 'ಆದ್ರೆ' ಇಲ್ಲದೆ ನಾನು ಕೇಳಿದ ಮೆಚ್ಚುಗೆ ಅದೊಂದೇ.

ಹೋದ ವರ್ಷ ಅವರು ತೀರಿಕೊಂಡರು. ಅವರ ಹೆಂಡತಿ ಮಗಳ ಮದುವೆಯ ಆಲ್ಬಂ ಹಿಡಿದು ನನ್ನ ಹತ್ತಿರ ಬಂದರು. ಮನೆಮಂದಿಯ ಗ್ರೂಪ್ ಫೋಟೋದಲ್ಲಿ ತಮ್ಮ ಪಕ್ಕ ಖಾಲಿ ಉಳಿದಿದ್ದ ಜಾಗದ ಮೇಲೆ ಬೆರಳಿಟ್ಟರು.

"ಇಲ್ಲ್ ಬಂದ್ ನಿಂತ್ಕೋತೀನಿ ಅಂದ್ರು ಕಣಮ್ಮ. ಕ್ಯಾಮೆರಾ ಬುಟ್ಟು ಬರ್ಲೇ ಇಲ್ಲ. ಆಧಾರ್ ಕಾರ್ಡಲ್ಲಿ ಬೇರೆ ಯಾರೋ ಇದ್ದಂಗವ್ರೆ. ಅವ್ರ್ ಮುಖಾನೇ ಸಿಗ್ತಿಲ್ಲ."

ನಾನು ಕುಣಿಗಲ್ಲಿನ ಚಿತ್ರ ತೆರೆದೆ. ಅಕ್ಷತೆ ಬೀಳುತ್ತಿದ್ದ ಗಳಿಗೆಯದು. ಜನರೆಲ್ಲ ವಧೂವರರ ಕಡೆ ತಿರುಗಿದ್ದಾರೆ. ಕೊನೆಯ ಸಾಲಿನಲ್ಲಿ ಅವರೊಬ್ಬರೇ ನೆಟ್ಟಗೆ ನನ್ನ ಲೆನ್ಸನ್ನೇ ನೋಡುತ್ತಾ, ಅಲುಗಾಡದೆ ನಿಂತಿದ್ದಾರೆ. ಮುಖದ ಒಂದೊಂದು ಗೆರೆಯೂ ಸ್ಪಷ್ಟವಾಗಿತ್ತು. ಅವರು ಅಂದು ಬೈಯದೇ ಹೋಗಿದ್ದರೆ ಆ ಮುಖ ನನಗೆ ದಕ್ಕುತ್ತಿರಲಿಲ್ಲ.

ಅವರ ಹಣೆಯ ಮುಂದೆ ಅಕ್ಷತೆಯ ಕಾಳೊಂದು ಗಾಳಿಯಲ್ಲಿ ನಿಂತಿತ್ತು. ಅಳಿಸಲು ಮೌಸ್ ಹಿಡಿದೆ. ಅವರ ಹೆಂಡತಿ ನನ್ನ ಕೈ ತಡೆದರು.

"ತೆಗೀಬೇಡಮ್ಮ. ಮಗಳ ಮದ್ವೇಲಿ ಕ್ಯಾಮೆರಾ ಹಿಡ್ಕೊಂಡು ಅಕ್ಷತೆ ಹಾಕಕ್ಕೂ ಅವ್ರ್ ಕೈ ಬಿಡುವಾಗ್ಲಿಲ್ಲ. ಇಲ್ಲಾದ್ರೂ ಇರ್ಲಿ."