ಬಾಳೆನಾರಿನ ಹೀರೆಕಾಯಿ

ದಂಟಿನ ಸೊಪ್ಪಿನ ಕಟ್ಟಿಗೆ ಸುತ್ತಿದ ಬಾಳೆನಾರನ್ನು ಬಿಚ್ಚುವಾಗೆಲ್ಲ ನನಗೆ ಸಿಟ್ಟು ಬರುತ್ತದೆ. ಸೊಪ್ಪಿನ ಮೇಲಲ್ಲ, ಸೊಪ್ಪು ಮಾರಿದವಳ ಮೇಲೂ ಅಲ್ಲ. ಆ ನಾರಿನ ಮೇಲೆ, ಅದರ ಗಂಟಿನ ಮೇಲೆ. ಉಗುರಿನಿಂದ ಪರಚಿ, ಹಲ್ಲಿನಿಂದ ಕಚ್ಚಿ ಎಳೆಯುವ ನನ್ನನ್ನು ನೋಡಿ ನಮ್ಮ ಮನೆಯವರು, "ಕತ್ರಿ ತಕ್ಕೊಳ್ಳಬಾರ್ದಾ? ನಾರಿನ್ ಜೊತೆ ಏನ್ ಜಗಳ ನಿಂದು?" ಎನ್ನುತ್ತಾರೆ. ಜಗಳ ಇದೆ. ಅವರಿಗೂ ಗೊತ್ತು. ಗೊತ್ತಿದ್ದೂ ಪೇಪರ್ ಹಿಡಿದುಕೊಂಡು ಕೂರುತ್ತಾರೆ, ಏಕೆಂದರೆ ಜಗಳ ಇರುವುದು ಅವರ ಅಣ್ಣನ ಜೊತೆ.

ಇವತ್ತು ಬೆಳಿಗ್ಗೆ ನಾರು ಬಿಚ್ಚುತ್ತಿರುವಾಗಲೇ ಫೋನ್ ಬಂತು. ಭೀಮನಬೀಡಿನಿಂದ ನಮ್ಮ ಭಾವ ಬರುತ್ತಾರಂತೆ. ಮೊಮ್ಮಗನ ನಾಮಕರಣಕ್ಕೆ ಚಾಮರಾಜನಗರದಲ್ಲಿ ನಾಲ್ಕು ಮನೆ ಕರೆಯುವುದಿದೆಯಂತೆ, ಮಧ್ಯಾಹ್ನದ ಊಟ ನಮ್ಮಲ್ಲಿ. ಒಂದು ನಾರಿನ ಸಲುವಾಗಿ ಇಷ್ಟು ವರ್ಷ ಸಿಟ್ಟು ಇಟ್ಟುಕೊಂಡವಳು ಎಂಥ ಹೆಂಗಸು ಎಂದು ನಿಮಗೆ ಅನಿಸಬಹುದು. ಸ್ವಲ್ಪ ಕೂತು ಕೇಳಿ. ಕೇಳಿದ ಮೇಲೆ ನಿಮಗೂ ಸಿಟ್ಟು ಬಂದರೆ ನನಗೆ ಸಮಾಧಾನ.

ಎರಡು ಸಾವಿರದ ಇಸವಿ ದಾಟಿ ಸ್ವಲ್ಪ ವರ್ಷವಾಗಿತ್ತು. ನಾನು ಚಾಮರಾಜನಗರದಲ್ಲಿ ಪ್ರೈಮರಿ ಶಾಲೆ ಮೇಷ್ಟ್ರಮ್ಮ. ನಮ್ಮ ಬಾಡಿಗೆ ಮನೆಯ ಸುತ್ತ ಒಂದು ತುಳಸಿ ನೆಡುವಷ್ಟೂ ಮಣ್ಣಿರಲಿಲ್ಲ. ಓನರು ಎಲ್ಲ ಕಡೆ ಸಿಮೆಂಟು ಮೆತ್ತಿಸಿ, ಅದನ್ನೇ ಸ್ವಚ್ಛತೆ ಎಂದುಕೊಂಡಿದ್ದರು. ಮಗಳು ಮಾನಸ ಆಗ ನಾಲ್ಕನೇ ಕ್ಲಾಸು ಮುಗಿಸಿದ್ದಳು. ಬೇಸಿಗೆ ರಜೆ ಬಂದರೆ ನಾನೂ ಅವಳೂ ಗಂಟುಮೂಟೆ ಕಟ್ಟಿಕೊಂಡು ಗುಂಡ್ಲುಪೇಟೆ ಬಸ್ಸು ಹತ್ತುವುದು, ಅಲ್ಲಿಂದ ಭೀಮನಬೀಡಿಗೆ. ಶನಿವಾರ ಇವರು ಬಂದು ಸೇರುವುದು. ಹಾಗೆ ನಡೆದುಕೊಂಡು ಬಂದಿತ್ತು.

ನಮ್ಮ ಭಾವ ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೈಯಲು ಅನುಕೂಲ. ಒಳ್ಳೆಯ ರೈತರು. ಹಣೆಗೆ ವಿಭೂತಿ ಬಳಿದು ಹೊಲಕ್ಕೆ ಇಳಿದರೆ ಬಿಸಿಲು ಎಷ್ಟಿದೆ ಎಂದು ನೋಡುತ್ತಿರಲಿಲ್ಲ. ಆದರೆ ಅವರಿಗೊಂದು ಹುಚ್ಚು, ಪೇಪರಿನಲ್ಲಿ ಫೋಟೋ ಬರಬೇಕು. ಊರಿಗೆ ಯಾರೇ ದೊಡ್ಡವರು ಬರಲಿ, ಹಾರ ಹಾಕುವ ಕೈ ಭಾವನದೇ. ಫೋಟೋದಲ್ಲಿ ಕೈ ಬಂದು ಮುಖ ಬರದಿದ್ದರೆ ಎರಡು ದಿನ ಊಟ ಸರಿಯಾಗಿ ಮಾಡುತ್ತಿರಲಿಲ್ಲ.

ಆ ವರ್ಷ ಅವರಿಗೆ ಬೇಸಿಗೆ ಶಿಬಿರದ ಯೋಚನೆ ಬಂತು. "ಪ್ಯಾಟೆ ಮಕ್ಕಗೆ ಮಾತ್ರಾನಾ ಸಿಬಿರ? ನಮ್ಮೂರ್ ಮಕ್ಕ ಏನ್ ಪಾಪ ಮಾಡವೆ?" ಎಂದು ನನ್ನ ಮುಂದೆ ನಿಂತರು. ಮಾತು ನ್ಯಾಯವಾಗಿತ್ತು. ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ ಹಾಡು, ಕೋಲಾಟ, ಮಣ್ಣಿನ ಗೊಂಬೆ, ಬಣ್ಣದ ಕಾಗದದ ಕೆಲಸ. ಕಾಗದದ ಕೆಲಸ ನನ್ನ ಪಾಲಿಗೆ ಬಂತು. ನಾನು ಗಿಳಿ ಎಂದು ಮಡಚಿಕೊಟ್ಟದ್ದನ್ನು ಮಕ್ಕಳು ಕಾಗೆ ಎಂದುಕೊಂಡು ಕಪ್ಪು ಬಣ್ಣ ಬಳಿದವು. ಸಂಜೆಯಾದರೆ ಭಾವನ ಹಿತ್ತಲಿನಲ್ಲಿ ತರಕಾರಿ ತೋಟ. ಒಬ್ಬೊಬ್ಬ ಮಗುವಿಗೆ ಒಂದೊಂದು ಮಡಿ, ನೀರು ಹಾಕಲು ಒಂದೊಂದು ತೂತಿಲ್ಲದ ಡಬ್ಬ. ಬೆಂಡೆ, ಬದನೆ, ಮೆಣಸಿನಕಾಯಿ, ಹುರುಳಿಕಾಯಿ.

ಮಾನಸ ಹೀರೆಕಾಯಿ ಬೀಜ ಹಾಕಿದಳು. ಯಾಕೆಂದರೆ ದೊಡ್ಡಪ್ಪನಿಗೆ ಹೀರೆಕಾಯಿ ಅಂದರೆ ಪ್ರಾಣ. ಹೀರೆಕಾಯಿ ಪಲ್ಯ ಇದ್ದ ದಿನ ಒಂದು ಮುದ್ದೆ ಹೆಚ್ಚಿಗೆ ಇಳಿಯುತ್ತಿತ್ತು, ಸಿಪ್ಪೆಯ ಚಟ್ನಿಯನ್ನೂ ಬಿಡುತ್ತಿರಲಿಲ್ಲ. ಅವಳ ಬಳ್ಳಿ ಹಬ್ಬಲು ಚಪ್ಪರ ಹಾಕಿಕೊಟ್ಟದ್ದೂ ಅವರೇ. ಚೆಂಡುಹೂವಿನ ಸಸಿ ನೆಡುವ ಅವಸರದ ದಿನಗಳು, ಹೊಲದಲ್ಲಿ ಆಳು ಕಾಯುತ್ತಿದ್ದರೂ ಅರ್ಧ ದಿನ ಕೂತು ಗೂಟ ನೆಟ್ಟು ಹಗ್ಗ ಬಿಗಿದರು. ಅವತ್ತು ರಾತ್ರಿ ಮಗಳು ನನ್ನ ಕಿವಿಯಲ್ಲಿ ಹೇಳಿದಳು: "ಅಮ್ಮ, ಮೊದಲ್ನೇ ಕಾಯಿ ದೊಡ್ಡಪ್ಪಂಗೆ. ಹೇಳ್ಬೇಡ. ತಟ್ಟೆಗೆ ಹಾಕಿದ್ಮೇಲೆ ಹೇಳಣ." ನಾನು ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಚೆನ್ನಾಗಿತ್ತೇನೋ, ಯಾರಿಗೆ ಗೊತ್ತು.

ಆಮೇಲೆ ನಮ್ಮ ಬೇಸಿಗೆಯೆಲ್ಲ ಆ ಬಳ್ಳಿಯ ಬುಡದಲ್ಲೇ ಕಳೆಯಿತು. ಬೆಳಿಗ್ಗೆ ಹಲ್ಲುಜ್ಜುತ್ತ ಹೋಗಿ ನೋಡುವುದು, ಸಂಜೆ ತೊಟ್ಟಿಯಿಂದ ನೀರು ತಂದು ಹುಯ್ಯುವುದು. ಹಳದಿ ಹೂ ಬಿಟ್ಟಿತು, ಉದುರಿತು, ಮತ್ತೆ ಬಿಟ್ಟಿತು. ಒಂದು ದಿನ ಹೂವಿನ ಹಿಂದೆ ಬೆರಳುದ್ದದ ಹೀಚು ಕಂಡಿತು. ಮಗಳು ಕೂಗಿಕೊಂಡು ಅದನ್ನು ತೋರಿಸಹೋದಾಗ ನನ್ನ ಓರಗಿತ್ತಿ, ಅಂದರೆ ಭಾವನ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ಓಡಿ ಬಂದು ಅವಳ ಕೈ ಹಿಡಿದರು.

"ಹೀಚ್ಗೆ ಬೊಟ್ಟು ತೋರುಸ್ಬ್ಯಾಡ ಕಣಮ್ಮಿ, ಕೊಳ್ತೋಯ್ತದೆ! ಬೆರಳ ಮಡಚ್ಕಂಡು ತೋರ್ಸು."

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವುದೇ. ಎಳೆಗಾಯಿಗೆ ನೆಟ್ಟಗೆ ಬೆರಳು ಚಾಚಿದರೆ ಅದು ಬೆಳೆಯದೆ ಕೊಳೆತು ಉದುರುತ್ತದೆ ಎನ್ನುತ್ತಾರೆ. ನಾನು ವಿಜ್ಞಾನ ಪಾಠ ಮಾಡುವವಳು, ನಂಬುವುದಿಲ್ಲ. ಆದರೆ ನನ್ನ ಬೆರಳೂ ತಾನಾಗಿ ಮಡಚಿಕೊಂಡಿತ್ತು, ಅದನ್ನೂ ಹೇಳಬೇಕಲ್ಲ. ಅಲ್ಲಿಂದ ಮುಂದೆ ಶಿಬಿರದ ಅಷ್ಟೂ ಮಕ್ಕಳು ಆ ಕಾಯಿಯನ್ನು ಗೆಣ್ಣಿನಲ್ಲೇ ತೋರಿಸಿದವು.

ಕಾಯಿ ಬೆಳೆಯುತ್ತ ಸೊಟ್ಟಗಾಯಿತು. ಚಪ್ಪರದ ಗೂಟಕ್ಕೆ ತಾಗಿ ಕುಡುಗೋಲಿನ ಹಾಗೆ ಬಾಗಿತು. ತುದಿಗೊಂದು ಕಲ್ಲು ಕಟ್ಟಿದರೆ ನೆಟ್ಟಗಾಗುತ್ತದೆ ಎಂದು ಅಕ್ಕ ಹೇಳಿದರು. ಮಾನಸ ಒಪ್ಪಲಿಲ್ಲ. "ಅದ್ರ ಪಾಡಿಗೆ ಅದು ಬೆಳೀಲಿ ದೊಡ್ಡಮ್ಮ" ಎಂದಳು.

ಶಿಬಿರ ಮುಗಿಯುವ ದಿನಕ್ಕೆ ಭಾವ ಗುಂಡ್ಲುಪೇಟೆಯಿಂದ ಒಬ್ಬರು ಮುಖ್ಯ ಅತಿಥಿಯನ್ನು ಒಪ್ಪಿಸಿದರು. ಜೊತೆಗೆ ಪೇಪರಿನವರೂ ಬರುವವರಿದ್ದರು. ಹಿಂದಿನ ದಿನ ಹಿತ್ತಲಿಗೆ ಹೋಗಿ ನೋಡಿದರೆ ಏನಿದೆ? ಬೆಂಡೆಯಲ್ಲಿ ಹೂ, ಬದನೆಯಲ್ಲಿ ಎಲೆ, ಹುರುಳಿಕಾಯಿ ಇನ್ನೂ ಎಳಸು. ಏಪ್ರಿಲ್‌ನಲ್ಲಿ ಹಾಕಿದ್ದು ಮೇ ತಿಂಗಳಲ್ಲಿ ಬುಟ್ಟಿಗಟ್ಟಲೆ ಕೊಡುತ್ತದೆಯೇ? ರೈತರಾದ ಭಾವನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಮರುದಿನ ಬೆಳಕು ಹರಿಯುವ ಮೊದಲೇ ಬೈಕಿನಲ್ಲಿ ಮಾರ್ಕೆಟ್ಟಿಗೆ ಹೋಗಿ ಎರಡು ಚೀಲ ತರಕಾರಿ ತಂದರು. ನಾವು ಎದ್ದು ಮಕ್ಕಳಿಗೆ ತಲೆ ಬಾಚುವಷ್ಟರಲ್ಲಿ ಅವರೂ ಅವರ ಶಿಬಿರದ ಕಮಿಟಿಯವರೂ ಸೇರಿ ತೋಟವನ್ನು ತುಂಬಿಸಿಬಿಟ್ಟಿದ್ದರು. ಎಲ್ಲ ಬಾಳೆನಾರಿನಲ್ಲಿ. ಬೆಂಡೆ ಗಿಡಕ್ಕೆ ಬೆಂಡೆಕಾಯಿ ಕಟ್ಟಿದ್ದರು. ಹೀರೆ ಬಳ್ಳಿಗೆ ಮೊಳದುದ್ದದ ನೆಟ್ಟನೆ ಹೀರೆಕಾಯಿಗಳು ತೂಗುತ್ತಿದ್ದವು. ಕಮಿಟಿಯಲ್ಲಿ ಒಬ್ಬರು ಬಟ್ಟೆ ಅಂಗಡಿಯವರಿದ್ದರು, ಅವರು ಬದನೆಕಾಯಿಗಳನ್ನು ಮೆಣಸಿನ ಗಿಡಕ್ಕೆ ಕಟ್ಟಿದ್ದರು.

ನೋಡಿ, ಇಲ್ಲಿ ನನ್ನ ರಕ್ತ ಇವತ್ತಿಗೂ ಕುದಿಯುತ್ತದೆ. ಅತಿಥಿಗೆ ತಿಳಿಯಲಿಲ್ಲ, ಬಿಡಿ, ಅವರು ಬದನೆಯನ್ನು ತಟ್ಟೆಯಲ್ಲಿ ಮಾತ್ರ ನೋಡಿದವರಿರಬೇಕು. ಆದರೆ ಅಲ್ಲಿ ಸೇರಿದ್ದ ಊರಿನವರು? ಹುಟ್ಟಿದಂದಿನಿಂದ ಮಣ್ಣಿನಲ್ಲಿ ಕೈಯಾಡಿಸಿದವರು, ಎಲೆ ಮೂಸಿ ರೋಗ ಹೇಳುವವರು. ಮೆಣಸಿನ ಗಿಡದಲ್ಲಿ ಬದನೆಕಾಯಿ ನೇತಾಡುವುದನ್ನು ಅವರೆಲ್ಲ ಕಣ್ಣಾರೆ ನೋಡಿ, ಟವೆಲ್ಲು ಹೆಗಲಿಗೆ ಹಾಕಿಕೊಂಡು, ಚಪ್ಪಾಳೆ ತಟ್ಟಿದರು! ತಟ್ಟಿದ್ದು ಮಕ್ಕಳ ಮುಂದೆ. ದಿನಾ ನೀರು ಹೊತ್ತು ಹಾಕಿದ ಮಕ್ಕಳು, ತಮ್ಮ ಗಿಡದಲ್ಲಿ ತಾವು ಬೆಳೆಯದ ಕಾಯಿ ನೋಡುತ್ತ ಬಾಯಿ ತೆರೆದು ನಿಂತಿದ್ದವು. ಬೇಸಿಗೆಯೆಲ್ಲ ನಾವು ಕಲಿಸಿದ್ದು ಒಂದು ತೂಕ, ಆ ಒಂದು ಬೆಳಿಗ್ಗೆ ಕಲಿಸಿದ್ದು ಒಂದು ತೂಕ.

ಅತಿಥಿಗಳು ಚಪ್ಪರದ ಹತ್ತಿರ ಬಂದು, "ಯಾರಮ್ಮ ಇದನ್ನ ಬೆಳೆದಿದ್ದು? ನಿಂದು ಯಾವುದು ತೋರಿಸು" ಎಂದರು. ಭಾವ ಮಾನಸಳನ್ನು ಮುಂದಕ್ಕೆ ತಳ್ಳಿದರು. ಅವಳು ಬಳ್ಳಿಯನ್ನು ಮೇಲಿಂದ ಕೆಳಗೆ ಹುಡುಕಿದಳು. ಅವಳ ಸೊಟ್ಟ ಕಾಯಿ ಅಲ್ಲಿರಲಿಲ್ಲ. ಆಮೇಲೆ ಅವಳು ನಿಧಾನವಾಗಿ ಕೈ ಎತ್ತಿ, ನೇತಾಡುವ ಹೀರೆಕಾಯಿಗೆ ನೆಟ್ಟಗೆ ಬೆರಳು ಚಾಚಿದಳು.

"ಅಯ್ಯಯ್ಯೋ, ಬೆರಳ ಮಡಚಮ್ಮಿ!" ಎಂದು ಅಕ್ಕ ಅಭ್ಯಾಸ ಬಲದಿಂದ ಕೂಗಿಬಿಟ್ಟರು.

"ಕೊಳೆಯಲ್ಲ ದೊಡ್ಡಮ್ಮ" ಎಂದಳು ಮಗಳು, ಎಲ್ಲರಿಗೂ ಕೇಳುವಂತೆ. "ಇದು ಗಿಡದ್ದಲ್ಲ. ಮಾರ್ಕೆಟ್ಟಿಂದು. ನಂದು ಸೊಟ್ಟಗಿತ್ತು."

ಭಾವ ಗಟ್ಟಿಯಾಗಿ ನಕ್ಕರು. "ಚೂಟಿ ಅವ್ಳೆ ಸಾರ್, ತಮಾಸೆ ಮಾಡ್ತಾಳೆ" ಎಂದರು. ಅತಿಥಿ ನಕ್ಕರು. ಅತಿಥಿ ನಕ್ಕದ್ದಕ್ಕೆ ಊರೂ ನಕ್ಕಿತು. ಫೋಟೋ ಹೊಡೆದರು.

ಅವರು ಹೋದ ಮೇಲೆ ಮಗಳು ಕೇಳಿದ್ದು ಒಂದೇ ಮಾತು. "ದೊಡ್ಡಪ್ಪ, ನನ್ನ ಕಾಯಿ ಎಲ್ಲಿ?"

"ನಾಕ್ ಜನದ್ ಮುಂದೆ ಮಾನ ಕಳುದ್ಬುಟ್ಟೆಯಲ್ಲಮ್ಮಿ ನೀನು" ಎಂದರು ಭಾವ. "ಅದಾ? ಸೊಟ್ಟಗಿತ್ತು, ಫೋಟೋಗೆ ಚೆಂದಾಗಿರಾಕಿಲ್ಲ ಅಂತ ಕಿತ್ತು ಎಮ್ಮೆಗಾಕ್ಬುಟ್ಟೆ. ಬುಡು, ಚೀಲ್ದಲ್ಲಿ ಇನ್ನೂ ಅವೆ, ಎಷ್ಟ್ ಬೇಕೋ ಅಷ್ಟ್ ತಕ್ಕೊ."

ಎಮ್ಮೆಗೆ! ಅವರಿಗೆಂದೇ ಬೆಳೆದದ್ದು, ಅವರದೇ ಕೈಯಿಂದ, ಎಮ್ಮೆಗೆ. ಮಗಳು ಎಮ್ಮೆಯ ಗೋದಲಿಯ ಹತ್ತಿರ ಹೋಗಿ ಬಗ್ಗಿ ನೋಡಿ ಬಂದಳು. ಏನೂ ಉಳಿದಿರಲಿಲ್ಲ. ನಾನು ಬಾಯಿ ತೆರೆದೆ. ಆದರೆ ಭಾವನ ಎದುರು ತಮ್ಮನ ಹೆಂಡತಿ ದನಿ ಎತ್ತುವ ಪದ್ಧತಿ ಆ ಮನೆಯಲ್ಲಿರಲಿಲ್ಲ. ಅಕ್ಕ ಕಣ್ಣಲ್ಲೇ ಬೇಡವೆಂದರು. ನಾನು ಒಳಗೆ ಹೋಗಿ ಉಪ್ಸಾರಿನ ಖಾರವನ್ನು ಒರಳಿನಲ್ಲಿ ಕುಟ್ಟಿದೆ. ಕುಟ್ಟಿದ ಸದ್ದಿಗೆ ಪಕ್ಕದ ಮನೆಯವರು ಬಂದು ಹಬ್ಬವೇ ಎಂದು ಕೇಳಿದರು. ಆ ರಾತ್ರಿ ಎಲ್ಲರ ಕಣ್ಣಲ್ಲೂ ನೀರು, ಖಾರಕ್ಕೆ.

ವಾಪಸು ಬರುವಾಗ ಬಸ್ಸಿನಲ್ಲಿ ಮಗಳನ್ನು ಕೇಳಿದೆ, "ದೊಡ್ಡಪ್ಪಂಗೆ ಹೇಳ್ಬೇಕಿತ್ತಾ, ಅದು ಅವ್ರಿಗೇ ಅಂತ?" ಅವಳು ಕಿಟಕಿ ಕಡೆ ನೋಡುತ್ತ, "ಬೇಡಮ್ಮ, ಪಾಪ, ಬೇಜಾರಾಗುತ್ತೆ ಅವ್ರಿಗೆ" ಎಂದಳು. ಅವಳಿಗೆ ಸಿಟ್ಟಿರಲಿಲ್ಲ. ಅವಳ ಪಾಲಿನದೂ ನನಗೇ ಬಂತು ಎಂದು ಕಾಣುತ್ತದೆ. ಪೇಪರಿನ ಫೋಟೋಗೆ ಭಾವ ಕಟ್ಟು ಹಾಕಿಸಿದರು, ಈಗಲೂ ಅವರ ನಡುಮನೆಯಲ್ಲಿದೆ. ಅದರಲ್ಲಿ ಅತಿಥಿ ಇದ್ದಾರೆ, ಭಾವ ಇದ್ದಾರೆ, ಬಟ್ಟೆ ಅಂಗಡಿಯವರೂ ಇದ್ದಾರೆ. ಮಗಳ ಮುಖ ಮಾತ್ರ ಬಂದಿಲ್ಲ. ಅಂಚಿನಲ್ಲಿ ಒಂದು ಪುಟ್ಟ ಕೈ, ನೆಟ್ಟಗೆ ಚಾಚಿದ ಬೆರಳು, ಅಷ್ಟೇ. ಹಬ್ಬಕ್ಕೆ ಹೋದಾಗೆಲ್ಲ ನಾನು ಆ ಗೋಡೆಗೆ ಬೆನ್ನು ಮಾಡಿ ಕೂರುತ್ತೇನೆ.

ಈಗ ನಮಗೆ ಸ್ವಂತ ಮನೆ ಇದೆ. ಮಾನಸ ಆಸ್ಪತ್ರೆಯಲ್ಲಿ ನರ್ಸು. ಡ್ಯೂಟಿ ಮುಗಿಸಿ ಬಂದು ಮಹಡಿಯ ಮೇಲೆ ಪೇಂಟಿನ ಬಕೆಟ್ಟುಗಳಲ್ಲಿ ಬಳ್ಳಿ ಹಬ್ಬಿಸುತ್ತಾಳೆ. ನಿನ್ನೆ ಸಂಜೆ ಈ ವರ್ಷದ ಮೊದಲ ಹೀರೆಕಾಯಿ ಕಿತ್ತು ತಂದಳು, ಎರಡು, ಎರಡೂ ಸೊಟ್ಟ. ಭಾವ ಬರುತ್ತಾರೆಂದು ಬೆಳಿಗ್ಗೆ ಹೇಳಿದಾಗ, "ದೊಡ್ಡಪ್ಪಂಗೆ ಅದನ್ನೇ ಪಲ್ಯ ಮಾಡಮ್ಮ, ಸಂಜೆ ಬಂದು ನಾನೂ ತಿಂತೀನಿ" ಎಂದು ಹೇಳಿ ಡ್ಯೂಟಿಗೆ ಹೋದಳು. ಮಾಡಿದೆ. ಮನಸ್ಸಿಲ್ಲದೆ ಮಾಡಿದೆ.

ಭಾವ ಬಂದರು. ವಯಸ್ಸಾಗಿದೆ, ನಾಲಿಗೆ ಮಾತ್ರ ಹಾಗೇ ಇದೆ. ಮುದ್ದೆ ಮುರಿದು, ಪಲ್ಯ ಬಾಯಿಗಿಟ್ಟು, ಕಣ್ಣು ಮುಚ್ಚಿದರು. "ಯಾವ್ ಮಾರ್ಕೆಟ್ದಮ್ಮ ಹೀರೇಕಾಯಿ? ಎಷ್ಟ್ ಎಳಸಾಗದೆ!"

"ಮಾರ್ಕೆಟ್ಟಿಂದಲ್ಲ ಭಾವ" ಎಂದೆ. ದನಿ ನನ್ನದೇ ಎಂದು ನನಗೇ ನಂಬಿಕೆ ಬರಲಿಲ್ಲ. "ಗಿಡದ್ದು. ಮಾನಸ ಬೆಳೆದಿದ್ದು. ಅವತ್ತು ನೀವು ಎಮ್ಮೆಗೆ ಹಾಕಿದ್ರಲ್ಲ, ಆ ಸೊಟ್ಟ ಕಾಯಿ, ಅದನ್ನೂ ನಿಮಗೇ ಅಂತ ಬೆಳೆದಿದ್ಲು. ಮೊದಲ್ನೇ ಕಾಯಿ ದೊಡ್ಡಪ್ಪಂಗೆ ಅಂತ."

ಇವರು ಪೇಪರ್ ಕೆಳಗಿಟ್ಟರು. ಭಾವನ ಕೈ ತಟ್ಟೆಯಲ್ಲೇ ನಿಂತಿತು.

"ನಂಗ್ಯಾರೂ ಹೇಳ್ನಿಲ್ವಲ್ಲಮ್ಮ" ಎಂದರು.

"ನೀವು ಬೇಜಾರ್ ಮಾಡ್ಕೋತೀರಿ ಅಂತ ಅವಳೇ ಬೇಡ ಅಂದ್ಲು."

ಭಾವ ತಟ್ಟೆಯಲ್ಲಿದ್ದ ಪಲ್ಯವನ್ನು ಒಂದು ಚೂರೂ ಬಿಡದೆ ಬಳಿದು ತಿಂದರು. ಆಮೇಲೆ ತಟ್ಟೆಯನ್ನು ಸ್ವಲ್ಪ ಮುಂದಕ್ಕೆ ಸರಿಸಿ, ಮಗುವಿನ ಹಾಗೆ ಕೇಳಿದರು: "ಇನ್ನೊಂಚೂರು ಅದೆಯಾ?"

ಇತ್ತು. ಬಾಣಲೆಯಲ್ಲಿ ಒಂದು ಸೌಟಿನಷ್ಟು ಇತ್ತು. ಮನೆಗೆ ಬಂದವರು ಕೇಳಿ ಬಡಿಸದೆ ಇದ್ದದ್ದು ನನ್ನ ಜನ್ಮದಲ್ಲಿಲ್ಲ, ಅದರಲ್ಲೂ ಭಾವನಿಗೆ.

"ಇದೆ ಭಾವ" ಎಂದೆ. "ಆದ್ರೆ ಹಾಕಲ್ಲ. ಅದು ಬೆಳೆದವಳಿಗೆ."

ಭಾವ ನನ್ನ ಮುಖ ನೋಡಿದರು. ತಲೆಯಾಡಿಸಿದರು. ಮಜ್ಜಿಗೆ ಹಾಕಿಸಿಕೊಂಡು ಊಟ ಮುಗಿಸಿದರು.