ಐವತ್ತನಾಲ್ಕು ತುಂಡಿನ ನಕಾಶೆ

ಬೆಳಗಿನ ಆರೂಮುಕ್ಕಾಲು. ಕಾಲೇಜಿನ ಗೇಟು ಇನ್ನೂ ಅರ್ಧವೇ ತೆರೆದಿದೆ. ಮೊದಲ ಮಹಡಿಗೆ ಹತ್ತುವ ಮೆಟ್ಟಿಲ ತಿರುವಿನಲ್ಲಿ ಎಪ್ಪತ್ತೊಂದರ ಹಿರಿಯೆಯೊಬ್ಬರು ಒಂದು ಕೈಯಲ್ಲಿ ಮಂಡಿ ಒತ್ತಿಕೊಂಡು, ಇನ್ನೊಂದರಲ್ಲಿ ದಪ್ಪ ಬಟ್ಟೆಯ ಸುರುಳಿ ಬಿಚ್ಚುತ್ತಿದ್ದಾರೆ. ಇಬ್ಬರು ವಿದ್ಯಾರ್ಥಿಗಳು ಅದರ ಎರಡು ತುದಿ ಹಿಡಿದು ಗೋಡೆಗೆ ಬೆನ್ನು ಕೊಟ್ಟು ನಿಲ್ಲುತ್ತಾರೆ. ಇಲ್ಲಿ ಮೊಳೆ ಹೊಡೆಯಲು ಅನುಮತಿ ಇಲ್ಲ. ಮೂರು ಬಾರಿ ಅರ್ಜಿ ಹೋಗಿದೆ, ಉತ್ತರ ಬಂದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಹಿಡಿಯುವವರು ಬದಲಾಗುತ್ತಾರೆ.

ಬಟ್ಟೆಯ ಮೇಲಿರುವುದು ಆಫ್ರಿಕಾ. ದೇಶಕ್ಕೊಂದರಂತೆ ಐವತ್ತನಾಲ್ಕು ತುಂಡು. ಗೀರಿನದು, ಚುಕ್ಕಿಯದು, ಹಳೆಯ ಪರದೆಯದು. ಕಾಲೇಜಿನ ನಕಾಶೆಯಲ್ಲಿ ಇಡೀ ಖಂಡಕ್ಕೆ ಒಂದೇ ಹಳದಿ ಬಳಿದಿದ್ದರಂತೆ. ಅದನ್ನು ನೋಡಿ ಬಂದ ದಿನವೇ ಇದನ್ನು ಹೊಲಿಸಿದ್ದು.

ಮೂವತ್ತೆಂಟು ವರ್ಷ ವಿದೇಶಾಂಗ ಸೇವೆಯಲ್ಲಿದ್ದವರು ಇವರು. ಅದರಲ್ಲಿ ಹತ್ತೊಂಬತ್ತು ವರ್ಷ ಆಫ್ರಿಕಾದ ಏಳು ದೇಶಗಳಲ್ಲಿ. ನಿವೃತ್ತಿಯ ನಂತರ, ನಾಲ್ಕು ವರ್ಷಗಳಿಂದ ಪ್ರತಿ ಶನಿವಾರ ಸಂಬಳವಿಲ್ಲದೆ ಇಲ್ಲಿ ಪಾಠ ಹೇಳುತ್ತಾರೆ. ವಿದ್ಯಾರ್ಥಿಗಳು ಹತ್ತೊಂಬತ್ತು. ಅವರ ಬಾಯಲ್ಲಿ ಇವರು ‘ರಾಯಭಾರಿ ಅಜ್ಜಿ’.

ಪಾಠಕ್ಕೆ ಒಂದೇ ನಿಯಮ. ಕನ್ನಡಕದ ಹುಡುಗನೊಬ್ಬ ಶುರು ಮಾಡುತ್ತಾನೆ: “ಆಫ್ರಿಕಾದಲ್ಲಿ ಹೇಗಿದ್ದೀರಿ ಅಂತ ಕೇಳಿದ್ರೆ, ನೀವು ಚೆನ್ನಾಗಿದ್ರೆ ನಾವೂ ಚೆನ್ನಾಗಿದ್ದೀವಿ ಅಂತಾರೆ...”

“ಎಲ್ಲಿ?”

“ಜಿಂಬಾಬ್ವೆಯಲ್ಲಿ.”

“ಅಲ್ಲಿ ಯಾರು?”

“ಶೋನಾ ಮಾತಾಡೋರು.”

“ಹಾಂ. ಈಗ ಮೊದಲಿಂದ ಹೇಳು.”

ಹುಡುಗ ನಕಾಶೆಯ ಬಳಿ ಹೋಗಿ ನೀಲಿ ಚುಕ್ಕಿಯ ತುಂಡಿನ ಮೇಲೆ ಬೆರಳಿಟ್ಟು ಮೊದಲಿಂದ ಹೇಳುತ್ತಾನೆ. ಬೆರಳಿಡದೆ ಇಲ್ಲಿ ಯಾರ ವಾಕ್ಯವೂ ಮುಗಿಯುವುದಿಲ್ಲ. “ಎರಡು ಸಾವಿರಕ್ಕೂ ಹೆಚ್ಚು ಭಾಷೆ ಇರೋ ಜಾಗ. ಅದನ್ನ ಒಂದೇ ಉಸಿರಲ್ಲಿ ಹೇಳೋಕೆ ಇವರಿಗೆ ಅಷ್ಟೇನು ಅವಸರ?” ಎನ್ನುತ್ತಾರೆ ಅಜ್ಜಿ.

ಈ ಹಟ ಹುಟ್ಟಿದ್ದು ಅವರದೇ ಒಂದು ತಪ್ಪಿನಿಂದ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಮೇಲಧಿಕಾರಿಯ ಭಾಷಣ ಬರೆದುಕೊಡುವುದು ಇವರ ಪಾಲಿಗಿತ್ತು. ಜಿಂಬಾಬ್ವೆಗೆಂದು ಬರೆದದ್ದನ್ನೇ ಮುಂದಿನ ವಾರ ಬೋಟ್ಸ್ವಾನಾಕ್ಕೂ ಕೊಟ್ಟರು. “ದೇಶದ ಹೆಸರು ಬದಲಾಯಿಸಿದೆ. ಮೊದಲನೇ ಸಾಲಿನ ನಮಸ್ಕಾರ ಬದಲಾಯಿಸೋದು ಮರೆತೆ. ಸೆಟ್ಸ್ವಾನಾ ಮಾತಾಡೋರ ಸಭೆಗೆ ಶೋನಾದಲ್ಲಿ ನಮಸ್ಕಾರ ಹೋಯ್ತು. ಮುನ್ನೂರು ಜನ ಇದ್ರು. ಒಬ್ಬರೂ ನಗಲಿಲ್ಲ. ನಕ್ಕಿದ್ರೆ ನಾನು ಮರೆತುಬಿಡ್ತಿದ್ದೆ.” ವಾಪಸ್ಸಾಗುವಾಗ ಕಾರಿನ ಚಾಲಕ ಮಾತ್ರ ಕನ್ನಡಿಯಲ್ಲಿ ನೋಡಿ ಅಂದನಂತೆ, “ಅಮ್ಮ, ನಮ್ಮನೆ ಬಾಗಿಲಿಗೆ ಬಂದು ಪಕ್ಕದ ಮನೆಯವರನ್ನ ಮಾತಾಡಿಸಿ ಹೋದಿರಿ.”  

ಕಳೆದ ವರ್ಷದವರೆಗೆ ಈ ತರಗತಿಗೊಂದು ಕೋಣೆ ಇತ್ತು. ವಾರ್ಷಿಕೋತ್ಸವಕ್ಕೆ ಇವರ ವಿದ್ಯಾರ್ಥಿಗಳಿಂದ ‘ಆಫ್ರಿಕನ್ ನೃತ್ಯ’ ಆಗಬೇಕೆಂದು ಪ್ರಿನ್ಸಿಪಾಲರು ಹೇಳಿದರು. ಮುಖಕ್ಕೆ ಕಪ್ಪು ಬಣ್ಣ, ಸೊಂಟಕ್ಕೆ ನಾರಿನ ಲಂಗ, ಕೈಯಲ್ಲಿ ರಟ್ಟಿನ ಭರ್ಜಿ. ಇವರು ಒಪ್ಪಲಿಲ್ಲ. ಕಾಲೇಜಿನವರು ಕೋಣೆಯಲ್ಲಿ ಹಳೆ ಬೆಂಚು ತುಂಬಿಸಿದರು. ಇವರು ಮೆಟ್ಟಿಲಿಗೆ ಬಂದರು.

ಈ ವರ್ಷ ಅದೇ ನೃತ್ಯಕ್ಕೆ ಮತ್ತೆ ಪತ್ರ ಬಂತು. ಮಾಡಿಸಿದರೆ ಕೋಣೆ ವಾಪಸ್ಸು, ಇಲ್ಲವಾದರೆ ತರಗತಿಯೇ ರದ್ದು. ಇವರು ಬರೆದ ಉತ್ತರ ಎರಡು ಸಾಲಿನದು: ‘ಯಾವ ದೇಶದ, ಯಾವ ಜನರ, ಯಾವ ಸಂದರ್ಭದ ನೃತ್ಯವೆಂದು ತಿಳಿಸಿ. ಕಲಿತು, ಬಣ್ಣ ಬಳಿಯದೆ ಆಡುತ್ತೇವೆ.’

“ಒಂದು ಮಾತು ತಗ್ಗಿದ್ರೆ ಇವಳ ಗಂಟೇನು ಹೋಗ್ತಿತ್ತು?” ಎಂದು ತಂಗಿ ಕೇಳುತ್ತಾರೆ. ರಸ್ತೆಯ ಆಚೆ ಬದಿಯಲ್ಲಿ ಅವರ ಹೊಲಿಗೆ ಅಂಗಡಿ. ಅಕ್ಕತಂಗಿಯರ ವಾಸ ಅದರ ಹಿಂದಿನ ಎರಡು ಕೋಣೆಗಳಲ್ಲಿ. “ಲೋಕವೆಲ್ಲ ಸುತ್ತಿ ಬಂದು ಮೆಟ್ಟಿಲ ಮೇಲೆ ಕೂತಿದ್ದಾಳೆ. ಆ ನಕಾಶೆ ಹೊಲಿದಿದ್ದು ನಾನೇ. ಒಂದು ತುಂಡಿಗೂ ಇನ್ನೊಂದಕ್ಕೂ ಹೊಂದಲ್ಲ ಕಣೇ ಅಂದೆ. ಹೊಂದಬಾರದು, ಹೊಲಿ ಅಂದ್ಳು.”

ಏಳೂವರೆಗೆ ಜವಾನ ಮೆಟ್ಟಿಲು ಹತ್ತಿ ಬರುತ್ತಾನೆ. ಕೈಯಲ್ಲಿ ಲಕೋಟೆ. “ನನ್ನ ಮೇಲೆ ಬೇಜಾರು ಮಾಡ್ಕೋಬೇಡಿ ಮೇಡಂ. ನಾನು ಬರೀ ತಂದುಕೊಡೋನು.”

“ನಾನೂ ಮೂವತ್ತೆಂಟು ವರ್ಷ ಅದೇ ಕೆಲಸ ಮಾಡಿದೋಳು. ಕೊಡಪ್ಪ.”

ಗಟ್ಟಿಯಾಗಿ ಓದುತ್ತಾರೆ: ತರಗತಿ ಇಂದಿನಿಂದ ರದ್ದು. ಪತ್ರ ಮಡಿಸಿ ಕೈಚೀಲಕ್ಕೆ ಹಾಕುತ್ತಾರೆ.  ಆಮೇಲೆ ಕೆಳಗಿನ ಮೆಟ್ಟಿಲಲ್ಲಿ ಕೂತ, ಎರಡು ಜಡೆಯ ಹುಡುಗಿ ಬಾಯಿ ತೆರೆಯುತ್ತಾಳೆ. ಅಜ್ಜಿ ಒಪ್ಪದಾಗ ಕಾಲೇಜು ಡಾನ್ಸ್ ಮಾಸ್ಟರೊಬ್ಬರನ್ನು ಕರೆಸಿತ್ತು; ಆ ನೃತ್ಯಕ್ಕೆ ಮೊದಲು ಹೆಸರು ಕೊಟ್ಟವಳು ಅವಳೇ.

“ಅಜ್ಜಿ, ನಿನ್ನೆ ಪ್ರಾಕ್ಟೀಸಲ್ಲಿ ಡಾನ್ಸ್ ಮಾಸ್ಟರನ್ನ ಕೇಳಿದೆ, ಇದು ಎಲ್ಲಿಯ ಡಾನ್ಸು ಅಂತ.”

“ಏನಂದ್ರು?”

“ಹೊರಗೆ ಹೋಗು ಅಂದ್ರು. ಬಂದುಬಿಟ್ಟೆ. ನನ್ನ ಹಿಂದೆ ಇನ್ನೂ ಆರು ಜನ ಬಂದ್ರು.”

ರಾಯಭಾರಿ ಅಜ್ಜಿ ಕನ್ನಡಕ ತೆಗೆದು ಸೆರಗಿನಲ್ಲಿ ಬಹಳ ಹೊತ್ತು ಒರೆಸುತ್ತಾರೆ. “ರದ್ದಾಗಿದೆ ಅಂತ ನನ್ನ ಸಹಿ ತಗೊಂಡು ಹೋಗಪ್ಪ,” ಎಂದು ಜವಾನನಿಗೆ ಹೇಳಿ ವಿದ್ಯಾರ್ಥಿಗಳ ಕಡೆ ತಿರುಗುತ್ತಾರೆ. “ಮುಂದಿನ ಶನಿವಾರ ಏಳು ಗಂಟೆ. ನನ್ನ ತಂಗಿ ಅಂಗಡಿ ಮುಂದಿನ ಜಗಲಿ. ಎಲ್ಲಿದ್ದೆವೋ, ಅಲ್ಲಿಂದಲೇ ಶುರು.”

ಆ ದಿನದ ಪಾಠವನ್ನಂತೂ ಎಂಟೂವರೆಗೆ ಮುಗಿಸಿ, ಸುರುಳಿ ಹೊತ್ತ ಇಬ್ಬರ ಜೊತೆ ಅವರು ರಸ್ತೆ ದಾಟುತ್ತಾರೆ. ವಿಷಯ ಕೇಳಿದ ತಂಗಿ ಹೊಲಿಗೆ ಯಂತ್ರದಿಂದ ತಲೆ ಎತ್ತದೆ, “ಗೋಡೆ ತುಂಬ ಮೊಳೆ ಇವೆ. ಯಾವುದಕ್ಕೆ ಬೇಕೋ ಹಾಕ್ಕೋ,” ಎನ್ನುತ್ತಾರೆ.

ಮೂರು ಬಾರಿ ಅರ್ಜಿ ಹಾಕಿಯೂ ಸಿಗದ ಮೊಳೆ ಅದು. ಅಕ್ಕ ಸುರುಳಿಯನ್ನು ಮೂಲೆಯಲ್ಲಿ ನಿಲ್ಲಿಸಿ ತಲೆಯಾಡಿಸುತ್ತಾರೆ.

“ಬೇಡ ಕಣೇ. ಕೈಯಲ್ಲೇ ಹಿಡೀಲಿ. ಅದು ಎಷ್ಟು ಅಗಲ ಅಂತ ತೋಳು ನೊಂದವರಿಗೇ ಗೊತ್ತಾಗೋದು.”